ದೆಹಲಿಯ ಮಂಟಪ, ಕಬ್ಬನ್ ಪಾರ್ಕಿನ ರಾಣಿ

ಇಂಡಿಯಾ ಗೇಟಿನ ಮುಂದೆ ಎಲ್ಲರೂ ತೆಗೆಸಿಕೊಳ್ಳುವ ಫೋಟೋ ನಾನೂ ತೆಗೆಸಿಕೊಂಡೆ. ಈ ವಿಡಿಯೋದಲ್ಲಿ ಅದು ಆಗಲೇ ಬಂದು ಹೋಯಿತು, ಬಿಡಿ. ಈಗ ನಿಮಗೆ ಕಾಣುತ್ತಿರುವುದು ಅದರ ಹಿಂದಿರುವ ಕಲ್ಲಿನ ಮಂಟಪ. ಒಳಗೆ ಸೆಲ್ಯೂಟ್ ಹೊಡೆಯುತ್ತ ನಿಂತವರು ನೇತಾಜಿ. 28 ಅಡಿ ಎತ್ತರದ ಕಪ್ಪು ಗ್ರಾನೈಟ್ ಪ್ರತಿಮೆ. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಪಕ್ಕದಲ್ಲಿದ್ದ ಮಂಡ್ಯದ ಹಿರಿಯರೊಬ್ಬರು ಮೊಮ್ಮಗಳಿಗೆ, "ನೋಡು ಪುಟ್ಟಿ, ಇದು ನಮ್ಮವರ ಕೈಕೆಲಸ" ಎಂದು ಹೇಳುತ್ತಿದ್ದರು. ದೆಹಲಿಯ ನಡುಮಧ್ಯದಲ್ಲಿ ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರಲು ಆಗುತ್ತದೆಯೇ? ಹೋಗಿ ಮಾತನಾಡಿಸಿದೆ. ಐದು ನಿಮಿಷ ಮಾತನಾಡಿದ್ದು ಬರೀ ಬೆಂಗಳೂರಿನ ಟ್ರಾಫಿಕ್ ಬಗ್ಗೆ.

ಈ ಮಂಟಪದಲ್ಲಿ ಮೊದಲು ಇದ್ದವನು ಬ್ರಿಟನ್ನಿನ ಐದನೆಯ ಜಾರ್ಜ್ ದೊರೆ. 1936ರಲ್ಲಿ ನಿಲ್ಲಿಸಿದ ಅಮೃತಶಿಲೆಯ ಪ್ರತಿಮೆ. 1968ರಲ್ಲಿ ಅದನ್ನು ಎತ್ತಿಕೊಂಡು ಹೋದರು. ಗಾಂಧೀಜಿಯ ಪ್ರತಿಮೆ ಇಡಬೇಕೆಂಬ ಮಾತು ಬಂದು ಹೋಯಿತು. ಅಂತೂ 2022ರವರೆಗೆ ಮಂಟಪ ಹೆಚ್ಚುಕಡಿಮೆ ಖಾಲಿಯೇ ಇತ್ತು.

ಹಾಗಾದರೆ ದೊರೆ ಎಲ್ಲಿ ಹೋದ? ಅದನ್ನು ಹುಡುಕಿಕೊಂಡು ನಾನು ಊರಿನ ಉತ್ತರದ ಅಂಚಿಗೆ, ಕಾರೊನೇಶನ್ ಪಾರ್ಕಿಗೆ ಹೋದೆ. ಆಟೋ ಚಾಲಕನಿಗೂ ಅಲ್ಲಿಗೆ ಯಾರಾದರೂ ಏಕೆ ಹೋಗುತ್ತಾರೆ ಎಂಬ ಅನುಮಾನ. 1911ರ ಡಿಸೆಂಬರ್ 12ರಂದು ದರ್ಬಾರು ನಡೆದ ಮೈದಾನ ಅದು. ರಾಜಧಾನಿ ಕಲ್ಕತ್ತದಿಂದ ದೆಹಲಿಗೆ ಬರುತ್ತದೆ ಎಂದು ಜಾರ್ಜ್ ಘೋಷಿಸಿದ್ದು ಅಲ್ಲೇ. ಈಗ ಅದೇ ಮೈದಾನದಲ್ಲಿ, ಹಳೆಯ ವೈಸರಾಯ್‌ಗಳ ಜೊತೆಯಲ್ಲಿ, ಎತ್ತರದ ಪೀಠದ ಮೇಲೆ ಒಬ್ಬನೇ ನಿಂತಿದ್ದಾನೆ. ಕೆಲವು ಪೀಠಗಳ ಮೇಲೆ ಯಾರೂ ಇಲ್ಲ. ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಜಾಗ ಇದು. ಟಿಕೆಟ್ ಸಾಲಿಲ್ಲ, ನೂಕುನುಗ್ಗಲಿಲ್ಲ.

ನಗು ಬಂದದ್ದು ಬೇರೆ ಕಾರಣಕ್ಕೆ. ನಮ್ಮ ಕಬ್ಬನ್ ಪಾರ್ಕಿನ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೆಯಲ್ಲ, ಅದನ್ನು 1906ರಲ್ಲಿ ಬೆಂಗಳೂರಿಗೆ ಬಂದು ಅನಾವರಣ ಮಾಡಿದವನು ಇದೇ ಜಾರ್ಜ್. ಆಗಿನ್ನೂ ಯುವರಾಜ. ಅದೇ ಪಾರ್ಕಿನಲ್ಲಿ ಏಳನೆಯ ಎಡ್ವರ್ಡ್ ಕೂಡ ಇದ್ದಾನೆ. ಅಂದರೆ ಮೊಮ್ಮಗನನ್ನು ದೆಹಲಿಯವರು ಊರಾಚೆ ಕಳುಹಿಸಿದರು. ಅಜ್ಜಿ, ಅಪ್ಪ ಇಬ್ಬರೂ ನಮ್ಮೂರಿನ ಮರಗಳ ನೆರಳಿನಲ್ಲಿ ಆರಾಮವಾಗಿದ್ದಾರೆ. ಇದು ನಮ್ಮ ಉದಾರತೆಯೋ, ಉದಾಸೀನವೋ? ನನ್ನ ಮಟ್ಟಿಗೆ ಉದಾಸೀನವೇ. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಕೆಂಪುಕೋಟೆ, ಕುತುಬ್ ಮಿನಾರ್ ದೃಶ್ಯಗಳನ್ನು ಬೇಗ ಓಡಿಸುತ್ತಿದ್ದೇನೆ, ಅವುಗಳ ವಿಡಿಯೋ ಬೇಕಾದಷ್ಟಿವೆ. ಇದನ್ನು ಮಾತ್ರ ಗಮನಿಸಿ. ಕರ್ತವ್ಯ ಪಥದಲ್ಲಿ ರಾಷ್ಟ್ರಪತಿ ಭವನದ ಕಡೆ ನಡೆಯುತ್ತಿದ್ದೇನೆ. ಗುಮ್ಮಟದ ಮೇಲೆ ಕಣ್ಣಿಡಿ. ದೂರದಿಂದ ಚೆನ್ನಾಗಿ ಕಂಡದ್ದು ವಿಜಯ್ ಚೌಕ ಹತ್ತಿರವಾದಂತೆ ಸ್ವಲ್ಪ ಸ್ವಲ್ಪವಾಗಿ ನೆಲದೊಳಗೆ ಇಳಿಯುತ್ತದೆ. ರೈಸಿನಾ ಗುಡ್ಡದ ಏರು ಅಡ್ಡ ಬರುತ್ತದೆ. ಈ ಏರಿನ ವಿಷಯಕ್ಕೇ ಕಟ್ಟಡದ ಶಿಲ್ಪಿ ಲಟ್ಯೆನ್ಸ್‌ಗೂ ಪಕ್ಕದ ಸಚಿವಾಲಯಗಳನ್ನು ಕಟ್ಟಿದ ಬೇಕರ್‌ಗೂ ಜಗಳವಾಗಿ ಹಳೆಯ ಸ್ನೇಹವೇ ಮುರಿದುಬಿತ್ತು. 340 ಕೋಣೆಗಳ ಅರಮನೆ, ಹತ್ತಿರ ಹೋದವನಿಗೇ ಕಾಣುವುದಿಲ್ಲ! ಕೆಂಗಲ್ ಹನುಮಂತಯ್ಯನವರ ವಿಧಾನಸೌಧಕ್ಕೆ ಈ ತೊಂದರೆ ಇಲ್ಲ. ಬಸ್ಸಿನ ಕಿಟಕಿಯಿಂದಲೇ ಮೆಟ್ಟಿಲಿನಿಂದ ತುದಿಯ ಸಿಂಹಗಳವರೆಗೆ ಇಡೀ ಸೌಧ ಕಾಣುತ್ತದೆ, ಎದುರಿಗೇ ಹೈಕೋರ್ಟು.

ಕೊನೆಯದು ತೀನ್ ಮೂರ್ತಿ. ಸರ್ಕಲ್ಲಿನ ನಡುವೆ ಮೂವರು ಕಂಚಿನ ಯೋಧರು: ಹೈದರಾಬಾದ್, ಜೋಧಪುರ, ಮೈಸೂರು ಸಂಸ್ಥಾನಗಳ ಅಶ್ವದಳದವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಕುದುರೆಯ ಮೇಲೇರಿ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರು ಹೋರಾಡಿದ್ದೂ ಜಾರ್ಜ್ ದೊರೆಯ ಪರವಾಗಿಯೇ. ಆದರೂ ದೊರೆಯನ್ನು ಎಬ್ಬಿಸಿದ ಊರು ಸೈನಿಕರನ್ನು ಮುಟ್ಟಲಿಲ್ಲ. 2018ರಲ್ಲಿ ಚೌಕದ ಹೆಸರಿಗೆ ಹೈಫಾ ಸೇರಿಸಿತು, ಅಷ್ಟೇ. ಈ ಲೆಕ್ಕಾಚಾರ ನನಗೆ ಸರಿ ಎನಿಸಿತು.

ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೂ ಇದೆ. ಮುಂದಿನ ವಿಡಿಯೋ ಅಲ್ಲಿಂದಲೇ. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಆ ದಳದಲ್ಲಿದ್ದ ಮುತ್ತಜ್ಜನ ಫೋಟೋ, ಪದಕ ಏನಾದರೂ ಇದ್ದರೆ ನನಗೆ ತಿಳಿಸಿ, ಕ್ಯಾಮೆರಾ ಹಿಡಿದು ಮನೆಗೇ ಬರುತ್ತೇನೆ. ಕಾಫಿ ಕೊಟ್ಟರೆ ಬೇಡ ಎನ್ನುವುದಿಲ್ಲ.