ಎರೆ ಹೊಲದ ಸವಳು: ಮೊದಲು ನೀರಿಗೆ ದಾರಿ

ರೈತ ಬಾಂಧವರಿಗೆ ನಮಸ್ಕಾರ.

ತುಂಗಭದ್ರಾ ಎಡದಂಡೆ ಕಾಲುವೆ ನಿಂತ ಮೇಲೆ, ಏಪ್ರಿಲ್ ಬಿಸಿಲಿನಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಹೊಲಗಳನ್ನು ನೋಡಿ. ಬದುವಿನ ಪಕ್ಕ, ತಗ್ಗಿನ ಮಡಿಗಳಲ್ಲಿ ಬಿಳಿ ಪುಡಿ ಎದ್ದಿರುತ್ತದೆ. ಈ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ಸಿಕ್ಕಿದ ಭೂಮಿ 90 ಸಾವಿರ ಹೆಕ್ಟೇರಿಗೂ ಹೆಚ್ಚು ಎಂಬ ಅಂದಾಜಿದೆ. ಸವಳು ಎಂದರೆ ಉಪ್ಪು, ಜವಳು ಎಂದರೆ ನೀರು ನಿಂತ ನೆಲ. ನಾವು ಚಿಂತಿಸುವುದು ಕಣ್ಣಿಗೆ ಕಾಣುವ ಉಪ್ಪನ್ನು. ಆದರೆ ಬೇರು ಇರುವುದು ಜವಳಿನಲ್ಲಿ.

1953ರಲ್ಲಿ ಈ ಕಾಲುವೆಗಳಿಗೆ ನೀರು ಬಿಟ್ಟಾಗ ಯೋಜನೆಯಲ್ಲಿದ್ದದ್ದು ಬಹುಪಾಲು ಅರೆ ನೀರಾವರಿ. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಆಸರೆಯಾಗಿ ನೀರು ಕೊಡುವುದು, ಭತ್ತಕ್ಕೆ ಸ್ವಲ್ಪ ಜಾಗ ಮಾತ್ರ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಹರಡಿಕೊಂಡಿತು, ಎಷ್ಟೋ ಕಡೆ ವರ್ಷಕ್ಕೆ ಎರಡು ಬೆಳೆ. ಕೊನೆಯಂಚಿನ ರೈತರಿಗೆ ನೀರು ಮುಟ್ಟದ ಕಥೆ ಎಲ್ಲರಿಗೂ ಗೊತ್ತು. ಅವರ ಪಾಲಿನ ನೀರು ಮೇಲಿನವರ ನೆಲವನ್ನೇ ಕೆಡಿಸುತ್ತಿದೆ ಎನ್ನುವುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಕಾಲುವೆ ನೀರು ಒಳ್ಳೆಯ ನೀರೇ. ಅದರ ಇ.ಸಿ., ಅಂದರೆ ಲವಣದ ಅಳತೆ, 0.3 ಎಂದು ಹಿಡಿಯಿರಿ. ಆಗ ಸಾವಿರ ಲೀಟರಿನಲ್ಲಿ ಸುಮಾರು 190 ಗ್ರಾಂ ಉಪ್ಪು. ಭತ್ತಕ್ಕೆ 1,200 ಮಿಲಿಮೀಟರ್ ನೀರು ಕೊಟ್ಟರೆ ಎಕರೆಗೆ 48 ಲಕ್ಷ ಲೀಟರಿಗೂ ಹೆಚ್ಚು. ಗುಣಿಸಿದರೆ ಒಂದು ಬೆಳೆಗೆ ಒಂಬತ್ತು ಕ್ವಿಂಟಲ್ ಉಪ್ಪು ಹೊಲಕ್ಕೆ ಬಂತು! ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಬಸಿದು ಹೋಗಲು ದಾರಿಯಿದ್ದರೆ ಅದೂ ಹೋಗುತ್ತದೆ. ಆದರೆ ಎರೆ ಮಣ್ಣಿನಲ್ಲಿ ಜೇಡಿ ಹೆಚ್ಚು, ಹಸಿಯಾದರೆ ಉಬ್ಬಿ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಕೆಳಗಿಳಿಯದ ನೀರು ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ಅಂತರ್ಜಲ ನೆಲದಿಂದ ಒಂದೂವರೆ ಮೀಟರಿನೊಳಗೆ ಬಂತೆಂದರೆ ಬೇಸಿಗೆಯಲ್ಲಿ ಮಣ್ಣು ಅದನ್ನು ದೀಪದ ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ, ಉಪ್ಪು ಮೇಲೆ ಉಳಿಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಭತ್ತ ಉಪ್ಪು ತಡೆಯುವ ಬೆಳೆ ಅನ್ನುತ್ತಾರೆ. ಭತ್ತದ ಇಳುವರಿ ಇ.ಸಿ. 3 ದಾಟಿದರೆ ಕುಸಿಯತೊಡಗುತ್ತದೆ. ಜೋಳ ಆರೂವರೆಯವರೆಗೆ, ಹತ್ತಿ ಏಳೂವರೆಯವರೆಗೆ ತಡೆಯುತ್ತವೆ. ಸವಳಿನಲ್ಲೂ ಭತ್ತ ಬದುಕುವುದು ನಿಂತ ನೀರು ಉಪ್ಪನ್ನು ತೆಳುವಾಗಿಸಿ ಕೆಳಗೆ ತಳ್ಳುವುದರಿಂದ. ಜವಳಾದ ಹೊಲದಲ್ಲಿ ಬೇರೆ ಬೆಳೆಗೆ ಬೇರಿನ ಉಸಿರು ಕಟ್ಟುತ್ತದೆ, ಹಾಗಾಗಿ ರೈತ ಮತ್ತೆ ಭತ್ತವನ್ನೇ ಹಾಕುತ್ತಾನೆ, ಜವಳು ಮತ್ತಷ್ಟು ಹೆಚ್ಚುತ್ತದೆ. ಈ ಸುಳಿಯಲ್ಲಿ ಒಮ್ಮೆ ಬಿದ್ದರೆ, ಮಣ್ಣಿನ ಸೋಡಿಯಂ ಬಿಡಿಸಲು ಹಾಕುವ ಜಿಪ್ಸಂ ಚೀಲವೊಂದರಿಂದಲೇ ಹೊರಬರಲು ಆಗುವುದಿಲ್ಲ.

ಜಿಪ್ಸಂ ಯಾವ ಹೊಲಕ್ಕೆ ಬೇಕು ಎಂದು ಮೊದಲು ಗೊತ್ತಾಗಬೇಕು. ಬಿಳಿ ಪುಡಿ ಎದ್ದು, ಮಣ್ಣು ಮೆದುವಾಗಿದ್ದರೆ ಅದು ಬರೀ ಸವಳು: ಇ.ಸಿ. 4ಕ್ಕಿಂತ ಹೆಚ್ಚು, ರಸಸಾರ (ಪಿ.ಎಚ್.) ಎಂಟೂವರೆಯೊಳಗೆ. ಅಲ್ಲಿ ಜಿಪ್ಸಂ ಹಾಕುವುದು ದುಡ್ಡು ಚೆಲ್ಲಿದಂತೆ. ನೀರು ಹಾಯಿಸಿ ಉಪ್ಪನ್ನು ತೊಳೆದು ಹೊರಹಾಕಬೇಕು. ನೆಲ ಕಪ್ಪಾಗಿ ಎಣ್ಣೆ ಬಳಿದಂತೆ ಮಿನುಗಿ, ಮಳೆ ಬಿದ್ದ ಮೇಲೆ ರಾಡಿ ನೀರು ದಿನಗಟ್ಟಲೆ ತಿಳಿಯಾಗದಿದ್ದರೆ, ಒಣಗಿದಾಗ ಕುಂಟೆ ಇಳಿಯದಷ್ಟು ಗಡುಸಾದರೆ ಅದು ಕರಲು. ಅಲ್ಲಿ ಸೋಡಿಯಂ ಸೇರಿ ಜೇಡಿ ಬಿಡಿಬಿಡಿಯಾಗಿರುತ್ತದೆ, ರಸಸಾರ ಎಂಟೂವರೆಗಿಂತ ಮೇಲಿರುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಮೆಲ್ಲಗೆ ಬಿಡಿ, ಕಲಕಬೇಡಿ. ಕೆಲವು ಗಂಟೆಗಳಲ್ಲಿ ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿದರೆ ಸೋಡಿಯಂ ಇದೆ. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಬೋರ್‌ವೆಲ್ ನೀರು ಬೇಡ, ಅದರಲ್ಲಿರುವ ಲವಣ ಮಬ್ಬನ್ನು ತಡೆದು ಸುಳ್ಳು ಹೇಳಿಸುತ್ತದೆ.

ಪ್ರಯೋಗಾಲಯಕ್ಕೆ ಮಣ್ಣು ಕೊಡುವುದಾದರೆ ಕಾಲುವೆ ನಿಂತ ಮೇಲೆ, ಏಪ್ರಿಲ್-ಮೇನಲ್ಲಿ ತೆಗೆಯಿರಿ. ಮಾಮೂಲಿ ಗೊಬ್ಬರದ ಪರೀಕ್ಷೆಗೆ ಮೇಲಿನ 15 ಸೆಂಟಿಮೀಟರ್ ಸಾಕು, ಸವಳಿಗೆ ಸಾಲದು. 15, 30, 60, 90 ಸೆಂಟಿಮೀಟರ್ ಆಳದವರೆಗೆ ಪದರ ಪದರವಾಗಿ ಬೇರೆ ಬೇರೆ ಚೀಲಗಳಲ್ಲಿ ತೆಗೆಯಬೇಕು, ಕೆಟ್ಟ ಜಾಗದ್ದು ಬೇರೆ, ಚೆನ್ನಾಗಿರುವ ಜಾಗದ್ದು ಬೇರೆ. ವರದಿ ಬಂದಾಗ ಇ.ಸಿ.ಯನ್ನು ಯಾವ ಕ್ರಮದಲ್ಲಿ ಅಳೆದದ್ದು ಎಂದು ಕೇಳಿ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದರೆ ಅಂಕಿ ಕಡಿಮೆ ಬರುತ್ತದೆ. ನಾನು ಹೇಳಿದ 3, 4ರ ಮಿತಿಗಳು ಮಣ್ಣನ್ನು ನೀರಿನಲ್ಲಿ ಕೆಸರಾಗಿ ಕಲಸಿ ಸೋಸಿದ ರಸಕ್ಕೆ ಸಂಬಂಧಿಸಿದವು. ಕಾರ್ಡಿನಲ್ಲಿ ಒಂದೂವರೆ ನೋಡಿ ನಿಶ್ಚಿಂತರಾಗಬೇಡಿ.

ಕರಲು ಎಂದು ಖಚಿತವಾದರೆ ಪ್ರಯೋಗಾಲಯ ಹೇಳುವ ಜಿಪ್ಸಂ ಪ್ರಮಾಣದ ಅರ್ಧ ಭತ್ತಕ್ಕೆ ಸಾಕು. ಹೊಲ ಸಮ ಮಾಡಿ, ಬದು ಭದ್ರಪಡಿಸಿ, ಜಿಪ್ಸಂ ಎರಚಿ, ಮೇಲಿನ 10 ಸೆಂಟಿಮೀಟರಿನಲ್ಲೇ ಬೆರೆಸಿ. ಆಳಕ್ಕೆ ಉತ್ತರೆ ತೆಳುವಾಗಿ ವ್ಯರ್ಥವಾಗುತ್ತದೆ. ಹತ್ತು-ಹದಿನೈದು ದಿನ ಹೊಲದಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಿ. ಆಮೇಲೆ ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚದ ಬೀಜವನ್ನು ಎಕರೆಗೆ 20 ಕಿಲೋ ಬಿತ್ತಿ 45 ದಿನಕ್ಕೆ ಮಣ್ಣಿಗೆ ಸೇರಿಸಿ. ನಾಟಿಗೆ 35 ದಿನ ದಾಟಿದ ಬಲಿತ ಸಸಿ ಬಳಸಿ, ಗುಣಿಗೆ ಮೂರು-ನಾಲ್ಕು. ಜೊತೆಗೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್.

ಇಷ್ಟೆಲ್ಲ ಮಾಡಿಯೂ ಎರಡು ವರ್ಷಕ್ಕೆ ಸವಳು ಮರಳಿ ಬಂದರೆ ಕಾರಣ ಒಂದೇ, ತೊಳೆದ ನೀರಿಗೆ ಹೋಗಲು ದಾರಿಯಿಲ್ಲ. ಅದಕ್ಕೆ ನೆಲದೊಳಗಿನ ಬಸಿಗಾಲುವೆ ಬೇಕು. ರಂಧ್ರಗಳಿರುವ 80 ಮಿಲಿಮೀಟರ್ ಸುಕ್ಕು ಪಿವಿಸಿ ಪೈಪಿಗೆ ಮಣ್ಣು ನುಗ್ಗದಂತೆ ಬಟ್ಟೆಯಂಥ ಸೋಸುಹೊದಿಕೆ ಸುತ್ತಿ, ಸುಮಾರು ಒಂದು ಮೀಟರ್ ಆಳದಲ್ಲಿ, 30ರಿಂದ 50 ಮೀಟರ್ ಅಂತರದಲ್ಲಿ ಹೂಳುತ್ತಾರೆ. ಇಳಿಜಾರು ನೂರು ಮೀಟರಿಗೆ 10ರಿಂದ 20 ಸೆಂಟಿಮೀಟರ್ ಮಾತ್ರ. ಆದ್ದರಿಂದ ಲೇಸರ್ ಅಳತೆಯಿಲ್ಲದೆ ಅಗೆದರೆ ನಡುವೆ ಹೊಟ್ಟೆ ಬಿದ್ದು, ಅಲ್ಲೇ ಹೂಳು ಕಟ್ಟಿ, ಸಾಲು ಪೂರ್ತಿ ಸತ್ತುಹೋಗುತ್ತದೆ. ಈ ಪೈಪುಗಳು ದೊಡ್ಡ ಸಂಗ್ರಹ ಪೈಪಿಗೆ, ಅದು ಹಳ್ಳಕ್ಕೆ.

ಪೈಪಿಗಿಂತ ಹೆಚ್ಚು ತೊಂದರೆ ಕೊಡುವುದು ಹಳ್ಳ. ಜೊಂಡು ಬೆಳೆದು, ಹೂಳು ತುಂಬಿ ಹಳ್ಳದ ಮಟ್ಟ ಪೈಪಿನ ಬಾಯಿಗಿಂತ ಮೇಲೇರಿದರೆ ನೀರು ಹಿಮ್ಮುಖವಾಗಿ ಹೊಲಕ್ಕೇ ಬರುತ್ತದೆ. ಹಳ್ಳ ಒತ್ತುವರಿಯಾಗಿದ್ದರಂತೂ ಮುಗಿದೇಹೋಯಿತು. ಇನ್ನು ಕೆಲವರು ಗದ್ದೆಯ ನೀರು ಬಸಿಯುತ್ತದೆಂದು ಪೈಪಿನ ಬಾಯಿಗೆ ಗೋಣಿಚೀಲ ತುರುಕುತ್ತಾರೆ, ಆಮೇಲೆ ತೆಗೆಯುವುದಿಲ್ಲ. ಅವರ ಆತಂಕವೂ ಸುಳ್ಳಲ್ಲ, ಯೂರಿಯಾ ಹಾಕಿದ ವಾರದಲ್ಲಿ ಬಸಿದರೆ ಸಾರಜನಕವೂ ಹೋಗುತ್ತದೆ. ಪೈಪಿನ ಬಾಯಿಗೆ ಮೇಲ್ಮುಖವಾದ ಮೊಣಕೈ ತುಂಡು ಜೋಡಿಸಿದರೆ ಬೇಕಾದಾಗ ನೀರಿನ ಮಟ್ಟ ಎತ್ತರಿಸಿ, ಕೊಯ್ಲಿನ ಮುಂಚೆ ಇಳಿಸಬಹುದು. ಒಬ್ಬರ ನಾಲ್ಕು ಎಕರೆಗೆ ಈ ಕೆಲಸ ಆಗದು. ಒಂದು ಹಳ್ಳಕ್ಕೆ ಬಸಿಯುವ ಎಲ್ಲ ಹೊಲದವರೂ ಸೇರಬೇಕು.

ಪೈಪ್ ಹಾಕುವವರೆಗೆ ಕಡಿಮೆ ಖರ್ಚಿನ ಕೆಲಸಗಳಿವೆ. ಬೇಸಿಗೆಯಲ್ಲಿ ಹೊಲ ಬರಿದೇ ಬಿಡದೆ ಮೇಲುಮೇಲೆ ಕುಂಟೆ ಹೊಡೆದರೆ ನೀರು ಮೇಲೇರುವ ದಾರಿ ಕಡಿಯುತ್ತದೆ. ಎರಡನೇ ಬೆಳೆಗೆ ಭತ್ತ ಬಿಟ್ಟು ಜೋಳ ಹಾಕಿದರೆ ಅಂತರ್ಜಲ ಇಳಿಯಲು ಸಮಯ ಸಿಗುತ್ತದೆ. ಎರಡು ಮೀಟರ್ ಉದ್ದದ ಪೈಪಿಗೆ ರಂಧ್ರ ಕೊರೆದು ಹೊಲದ ಮೂಲೆಯಲ್ಲಿ ಹೂತು, ಹದಿನೈದು ದಿನಕ್ಕೊಮ್ಮೆ ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು ನೀರಿನ ಆಳ ಬರೆದಿಡಿ.

ಕೊನೆಗೆ, ಬಸಿದ ಉಪ್ಪು ಮಾಯವಾಗುವುದಿಲ್ಲ, ಹಳ್ಳದಲ್ಲಿ ಕೆಳಗಿನ ಊರಿಗೆ ಹೋಗುತ್ತದೆ. ಮಳೆಗಾಲದ ಪ್ರವಾಹದಲ್ಲಿ ತೆಳುವಾಗುತ್ತದೆ, ಬೇಸಿಗೆಯಲ್ಲಿ ಆಗುವುದಿಲ್ಲ. ಹಳ್ಳಕ್ಕೆ ಮೋಟರ್ ಇಟ್ಟವರು ಆ ನೀರಿನ ಇ.ಸಿ. ಪರೀಕ್ಷಿಸಿಕೊಳ್ಳಿ. 0.75ರೊಳಗಿದ್ದರೆ ಬಳಸಿ, ಅದಕ್ಕಿಂತ ಹೆಚ್ಚಿದ್ದರೆ ಕಾಲುವೆ ನೀರಿನ ಜೊತೆ ಬೆರೆಸಿ, 2.25 ದಾಟಿದರೆ ಎರೆ ಹೊಲಕ್ಕೆ ಹಾಯಿಸಬೇಡಿ.

ನಮಸ್ಕಾರ.