ಕಾವ್ಯನಾಮಕ್ಕೊಂದು ಕಾಂಜಿ: ಜಪಾನಿನ ಕವಿಗಳು ಹೆಸರು ಆರಿಸಿಕೊಂಡ ಬಗೆ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಜಪಾನಿ ಭಾಷೆ ಕಲಿಯುವವರಿದ್ದೀರಿ, ಹಾಯ್ಕು ಬರೆಯುವವರೂ ಇದ್ದೀರಿ. ಸ್ವಲ್ಪ ದಿನ ಕಳೆದ ಮೇಲೆ ಇಬ್ಬರಿಗೂ ಒಂದೇ ಆಸೆ ಹುಟ್ಟುತ್ತದೆ: ನನಗೂ ಒಂದು ಜಪಾನಿ ಕಾವ್ಯನಾಮ ಬೇಕು, ಅದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಜಪಾನಿಗೆ ಬಂದ, ಒಂದೊಂದಕ್ಕೂ ಅರ್ಥವಿರುವ ಅಕ್ಷರಗಳಲ್ಲಿ ಇರಬೇಕು. ತುಂಬಾ ಒಳ್ಳೆಯ ಆಸೆ. ಆದರೆ ಹೆಚ್ಚಿನವರು ತಮ್ಮ ಹೆಸರನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ನಿಘಂಟಿನಿಂದ ಒಂದೊಂದು ಚಂದದ ಅಕ್ಷರ ತಂದು ಜೋಡಿಸುತ್ತಾರೆ. ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳುವುದಕ್ಕೇ ಇವತ್ತು ಬಂದಿದ್ದೇನೆ.

ನಮ್ಮಲ್ಲಿ ಕಾವ್ಯನಾಮ ಅಂದರೆ ಕಿವಿಗೆ ಕೇಳಿಸುವ ಹೆಸರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ಬೇಂದ್ರೆಯವರು ತಾಯಿಯ ಹೆಸರು ಸೇರಿಸಿಕೊಂಡು ಅಂಬಿಕಾತನಯದತ್ತ ಆದರು. ಕೇಳಿದರೆ ಸಾಕು, ಬರೆಯುವುದು ಗೊತ್ತಾಗುತ್ತದೆ. ಜಪಾನಿನಲ್ಲಿ ಹಾಗಲ್ಲ. ಒಂದೇ ಉಚ್ಚಾರಕ್ಕೆ ಹತ್ತಾರು ಕಾಂಜಿಗಳಿರುತ್ತವೆ. ಒಂದೇ ಕಾಂಜಿಯನ್ನು ಎರಡು ಮೂರು ಬಗೆಯಲ್ಲಿ ಓದಬಹುದು. ಚೀನಾದಿಂದ ಬಂದ ಓದು ‘ಓನ್’, ಜಪಾನಿನ ಸ್ವಂತ ಓದು ‘ಕುನ್’. ಕವಿಗಳ ಹೆಸರಿಗೆ ಸಾಮಾನ್ಯವಾಗಿ ಓನ್ ಓದೇ ಬರುತ್ತದೆ. ಹೀಗಾಗಿ ಅಲ್ಲಿ ಹೆಸರು ಆರಿಸುವವರು ಕಿವಿಗೂ ಕಣ್ಣಿಗೂ ಎರಡಕ್ಕೂ ಆರಿಸಬೇಕು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಹಾಯ್ಕು ಕವಿ ಮಸಾವೊಕಾ ಶಿಕಿಯದು. ಹುಟ್ಟಿದ್ದು 1867ರಲ್ಲಿ, ಮತ್ಸುಯಾಮಾ ಊರಿನಲ್ಲಿ. ಹೆಸರು ತ್ಸುನೆನೋರಿ, ಮನೆಯಲ್ಲಿ ಕರೆಯುತ್ತಿದ್ದದ್ದು ನೊಬೊರು. 1889ರ ಮೇ ತಿಂಗಳಲ್ಲಿ ಟೋಕಿಯೊದಲ್ಲಿ ಓದುತ್ತಿದ್ದಾಗ ಕೆಮ್ಮಿನ ಜೊತೆ ರಕ್ತ ಬಂತು. ಕ್ಷಯ. ಆಗ ಈ ಹುಡುಗ ಹೊತೊತೊಗಿಸು ಹಕ್ಕಿಯ ಮೇಲೆ ಸಾಲು ಸಾಲು ಹಾಯ್ಕು ಬರೆದು, ತನಗೆ ‘ಶಿಕಿ’ ಅಂತ ಹೆಸರಿಟ್ಟುಕೊಂಡ. ಹೊತೊತೊಗಿಸು ಕೋಗಿಲೆಯ ಜಾತಿಯ ಹಕ್ಕಿ. ಗಂಟಲಲ್ಲಿ ರಕ್ತ ಬರುವವರೆಗೂ ಅದು ಹಾಡುತ್ತದೆ ಅಂತ ಹಳೆಯ ನಂಬಿಕೆ.

ಈಗ ಆ ಎರಡು ಕಾಂಜಿಗಳನ್ನು ಹತ್ತಿರದಿಂದ ನೋಡಿ. ಮೊದಲನೆಯದರ ಅರ್ಥ ‘ಮಗು’, ಎರಡನೆಯದರದು ‘ನಿಯಮ’. ಬಿಡಿಯಾಗಿ ನೋಡಿದರೆ ಹಕ್ಕಿಯೂ ಇಲ್ಲ, ಹಾಡೂ ಇಲ್ಲ. ಎರಡೂ ಸೇರಿದಾಗ ಮಾತ್ರ ಚೀನಿ ಸಾಹಿತ್ಯದಿಂದ ಬಂದ ಆ ಹಕ್ಕಿಯ ಹೆಸರಾಗುತ್ತದೆ. ಓದಿಕೊಂಡವರಿಗೆ ಆ ಎರಡು ಅಕ್ಷರ ಕಂಡ ಕೂಡಲೇ ಹಕ್ಕಿ, ರಕ್ತ, ಹಾಡು ಮೂರೂ ಕಾಣುತ್ತವೆ. ಅಕ್ಷರಕ್ಕೊಂದು ಅರ್ಥ ಹುಡುಕುತ್ತಾ ಹೋದರೆ ಇಂಥ ಹೆಸರು ಸಿಗುವುದು ಸಾಧ್ಯವೇ ಇಲ್ಲ, ಅಲ್ವಾ? ಶಿಕಿ 1902ರಲ್ಲಿ ತೀರಿಕೊಂಡ, ಇನ್ನೂ 34 ವರ್ಷ. ಹಾಯ್ಕು ಇವತ್ತು ನಮ್ಮ ಕೈಗೆ ಬಂದಿರುವ ರೂಪದ ಹಿಂದೆ ಅವನ ದುಡಿಮೆ ಬಹಳ ಇದೆ.

ಅವನಿಗೆ ಹೆಸರುಗಳ ಹುಚ್ಚು ಜಾಸ್ತಿ. ಬೇಸ್‌ಬಾಲ್ ಅಂದರೆ ಪ್ರಾಣ. ‘ಬಯಲು’ ಮತ್ತು ‘ಚೆಂಡು’ ಅನ್ನುವ ಎರಡು ಕಾಂಜಿ ಸೇರಿಸಿ ‘ನೋ-ಬೋರು’ ಅಂತ ಓದಿಸಿ, ಮನೆಯ ಹೆಸರು ನೊಬೊರುವನ್ನೇ ಅದರೊಳಗೆ ಕೂರಿಸಿದ. ಅದೇ ಎರಡು ಅಕ್ಷರವನ್ನು ‘ಯಾಕ್ಯೂ’ ಅಂತ ಓದಿದರೆ ಇವತ್ತಿನ ಜಪಾನಿಯಲ್ಲಿ ಬೇಸ್‌ಬಾಲ್. ಆ ಪದವನ್ನು ಆಟಕ್ಕೆ ಕೊಟ್ಟದ್ದು ಬೇರೆಯವರು, ಕೆಲವು ವರ್ಷ ಆದ ಮೇಲೆ.

ಶಿಕಿ ತನಗಾಗಿ ಬಳಸಿ ಬಿಟ್ಟ ಹೆಸರುಗಳಲ್ಲಿ ಒಂದು ‘ಸೋಸೆಕಿ’. 1889ರಲ್ಲೇ ಅವನ ಗೆಳೆಯ ನತ್ಸುಮೆ ಕಿನ್ನೊಸುಕೆ ಶಿಕಿಯ ಹಸ್ತಪ್ರತಿಯೊಂದನ್ನು ಓದಿ ಅಭಿಪ್ರಾಯ ಬರೆದು, ಕೆಳಗೆ ಆ ಹೆಸರು ಹಾಕಿದ. ಮುಂದೆ ಜಪಾನಿನ ದೊಡ್ಡ ಕಾದಂಬರಿಕಾರನಾದದ್ದು ಇದೇ ನತ್ಸುಮೆ ಸೋಸೆಕಿ. ‘ಸೋ’ ಅಂದರೆ ಬಾಯಿ ಮುಕ್ಕಳಿಸು. ಆ ಕಾಂಜಿಯ ಎಡಗಡೆ ನೀರನ್ನು ಸೂಚಿಸುವ ಮೂರು ಹನಿಗಳಿವೆ. ‘ಸೆಕಿ’ ಅಂದರೆ ಕಲ್ಲು. ಕಲ್ಲಿನಿಂದ ಬಾಯಿ ಮುಕ್ಕಳಿಸುವುದೇ? ಹೌದು, ಅದಕ್ಕೊಂದು ಚೀನಿ ಕತೆಯಿದೆ. ಸುನ್ ಚು ಅನ್ನುವವನು ಊರು ಬಿಟ್ಟು ಕಾಡು ಸೇರುವ ಮಾತಾಡುತ್ತಾ ‘ಕಲ್ಲನ್ನು ದಿಂಬು ಮಾಡಿಕೊಂಡು, ಹೊಳೆಯಲ್ಲಿ ಬಾಯಿ ಮುಕ್ಕಳಿಸುತ್ತೇನೆ’ ಅನ್ನಬೇಕಿತ್ತು. ಬಾಯಿ ತಪ್ಪಿ ‘ಕಲ್ಲಿನಲ್ಲಿ ಬಾಯಿ ಮುಕ್ಕಳಿಸಿ, ಹೊಳೆಯನ್ನು ದಿಂಬು ಮಾಡಿಕೊಳ್ಳುತ್ತೇನೆ’ ಅಂದ. ಎದುರಿಗಿದ್ದವನು ಅದು ಹೇಗಪ್ಪಾ ಅಂತ ಹಿಡಿದುಕೊಂಡ. ಸುನ್ ಚು ಸೋಲಲಿಲ್ಲ. ‘ಹೊಳೆ ದಿಂಬು ಕಿವಿ ತೊಳೆಯುವುದಕ್ಕೆ, ಕಲ್ಲು ಹಲ್ಲು ಮಸೆಯುವುದಕ್ಕೆ’ ಅಂದ. ಹಿಡಿದ ಪಟ್ಟು ಬಿಡದವನ ಹೆಸರು ಅದು. ಇಪ್ಪತ್ತೆರಡರ ಹುಡುಗ ತನ್ನ ಸ್ವಭಾವ ಇದು ಅಂತ ಎರಡೇ ಅಕ್ಷರದಲ್ಲಿ ಒಪ್ಪಿಕೊಂಡ ಹಾಗಾಯಿತು.

ಇನ್ನು ಶಿಕಿಗಿಂತ ಎಷ್ಟೋ ಹಿಂದಿನ ಹಾಯ್ಕು ಕವಿ ಬಾಶೋ. ಮೊದಲು ‘ತೋಸೆಯ್’ ಅಂತ ಬರೆಯುತ್ತಿದ್ದ. ಅಂದರೆ ಹಸಿರು ಪೀಚ್ ಹಣ್ಣು. ಚೀನಾದ ಕವಿ ಲಿ ಬಾಯ್ ಹೆಸರಿನ ಅಕ್ಷರಗಳ ಅರ್ಥ ಬಿಳಿ ಪ್ಲಮ್. ಗುರುವಿನಂಥ ಕವಿಗೆ ಮಾಡಿದ ನಮಸ್ಕಾರ ಅದು. 1681ರಲ್ಲಿ ಶಿಷ್ಯನೊಬ್ಬ ಫುಕಾಗಾವಾದ ಗುಡಿಸಲಿನ ಮುಂದೆ ಬಾಳೆ ಗಿಡ ತಂದು ನೆಟ್ಟ. ಜನ ಗುಡಿಸಲನ್ನು ಬಾಳೆಯ ಗುಡಿಸಲು ಅಂದರು, ಆಮೇಲೆ ಕವಿಯೂ ಬಾಳೆಯೇ ಆದ. ನಮಗೆ ಬಾಳೆ ಅಂದರೆ ಎಲೆ, ಹೂವು, ಕಾಯಿ, ದಿಂಡು ಎಲ್ಲವೂ ಉಪಯೋಗ. ಅಲ್ಲಿನ ಚಳಿಯಲ್ಲಿ ಆ ಗಿಡ ತಿನ್ನುವ ಹಣ್ಣು ಕೊಡುವುದಿಲ್ಲ, ಎಲೆ ಗಾಳಿಗೆ ಹರಿದು ಚಿಂದಿಯಾಗುತ್ತದೆ. ಯಾವ ಕೆಲಸಕ್ಕೂ ಬಾರದ ಗಿಡ ಅಂತಲೇ ಅವನಿಗೆ ಅದರ ಮೇಲೆ ಪ್ರೀತಿ. ಕನ್ನಡದವರಿಗೆ ಈ ಹೆಸರಿನ ತೂಕ ತಿಳಿಯಬೇಕಾದರೆ ನಮ್ಮ ಹಿತ್ತಿಲ ಬಾಳೆಯನ್ನು ಸ್ವಲ್ಪ ಮರೆಯಬೇಕು.

ಹಾಗಾದರೆ ಉಚ್ಚಾರಕ್ಕೆ ತಕ್ಕಂತೆ ಕಾಂಜಿ ಜೋಡಿಸುವುದು ತಪ್ಪೇ? ಅಲ್ಲ. ಬೌದ್ಧ ಹೆಸರುಗಳನ್ನು ಸಂಸ್ಕೃತದಿಂದ ತಂದಾಗ ಚೀನಾದವರು ಮಾಡಿದ್ದು ಅದನ್ನೇ. ಶಾಕ್ಯ ಅಲ್ಲಿಂದ ಜಪಾನಿಗೆ ‘ಶಾಕಾ’ ಆಗಿ, ಅಮಿತಾಭ ‘ಅಮಿದಾ’ ಆಗಿ ಹೋದರು. ಪತ್ತೇದಾರಿ ಕತೆಗಾರ ಹಿರಾಯ್ ತಾರೋ ಅಮೆರಿಕದ ಲೇಖಕ ಎಡ್ಗರ್ ಆಲನ್ ಪೋ ಹೆಸರನ್ನೇ ‘ಎದೊಗಾವಾ ರಾಂಪೋ’ ಮಾಡಿಕೊಂಡ. ಆದರೆ ಗಮನಿಸಿ: ಎದೊಗಾವಾ ನಿಜವಾದ ನದಿಯ ಹೆಸರು, ಮನೆತನದ ಹೆಸರಿನಂತೆಯೂ ಕೇಳುತ್ತದೆ. ರಾಂಪೋ ಅಂದರೆ ತೂರಾಡುವ ನಡಿಗೆ. ಪೋ ಗೊತ್ತಿಲ್ಲದವರಿಗೂ ಅದೊಂದು ಜಪಾನಿ ಹೆಸರೇ. ಶಿಕಿಯೂ ಶಿಷ್ಯ ಕಿಯೋಶಿಗೆ ‘ಕ್ಯೋಶಿ’ ಅಂತ ಹೆಸರು ಕೊಟ್ಟ. ಒಂದು ಉಚ್ಚಾರ ಚೂರು ಬದಲು, ಅರ್ಥ ‘ಬರಿದು’ ಮತ್ತು ‘ಮಗು’. ಆ ಎರಡನೆಯ ಅಕ್ಷರ ಶಿಕಿಯ ಹೆಸರಿನ ಮೊದಲನೆಯದೇ.

ಹೊರಗಿನಿಂದ ಬಂದವರಿಗೆ ನಾನು ತೋರಿಸುವ ದಾರಿ ಪಶ್ಚಿಮದಿಂದ ಬಂದ ಲೇಖಕ ಲಾಫ್ಕಾಡಿಯೊ ಹರ್ನ್‌ನದು. 1890ರಲ್ಲಿ ಮತ್ಸುಯೆ ಊರಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೋದ. 1896ರಲ್ಲಿ ಜಪಾನಿನ ಪ್ರಜೆಯಾಗಿ, ಹೆಂಡತಿ ಸೆತ್ಸುವಿನ ಮನೆತನದ ಹೆಸರು ಕೊಯಿಜುಮಿಯನ್ನೇ ಪಡೆದ. ಅದರ ಜೊತೆ ‘ಯಾಕುಮೋ’, ಎಂಟು ಮೋಡ. ಮತ್ಸುಯೆ ಇರುವ ಇಜುಮೊ ಸೀಮೆಯನ್ನು ಹಳೆಯ ಕಾವ್ಯ ಕರೆಯುವುದೇ ಮೋಡ ಏಳುವ ನಾಡು ಅಂತ. ತನ್ನ ಹೆಸರಿನ ಉಚ್ಚಾರವನ್ನು ಅವನು ಹಿಡಿದುಕೊಂಡು ಕೂರಲಿಲ್ಲ. ತಾನು ಬದುಕಿದ ಜಾಗವನ್ನು ಹೆಸರು ಮಾಡಿಕೊಂಡ.

ಇನ್ನು ನಮ್ಮ ವಿಷಯ. ಮೇಘಾ ಅಂತ ಹೆಸರಿದೆ ಅಂದುಕೊಳ್ಳಿ. ಮೋಡ ಜಪಾನಿಯಲ್ಲಿ ‘ಕುಮೋ’. ಒಂದೇ ಕಾಂಜಿ ಇಟ್ಟರೆ ಬರಹದಲ್ಲಿ ಚಂದ. ಆದರೆ ಕಿವಿಗೆ ಜೇಡವೂ ಕುಮೋವೇ. ಅದೇ ಕಾಂಜಿಯ ಓನ್ ಓದು ‘ಉನ್’. ಅದಕ್ಕೂ ಮೊದಲು ‘ಬಿಳಿ’ ಅನ್ನುವ ಕಾಂಜಿ ಸೇರಿಸಿದರೆ ‘ಹಾಕುಉನ್’. ಓದುವವರಿಗೆ ತಕ್ಷಣ ಕವಿಯ ಹೆಸರು ಅನ್ನಿಸುತ್ತದೆ. ಹೀಗೆ ನಿಮ್ಮ ಊರಿನ ಗುಡ್ಡ, ಮನೆ ಮುಂದಿನ ಮರ, ನಿಮಗೆ ಪ್ರಿಯವಾದ ಸಾಲು ಯಾವುದರಿಂದಾದರೂ ಶುರು ಮಾಡಿ. ಎರಡು ಅಕ್ಷರ ಸಾಕು. ಮಕ್ಕಳಿಗೆ ಹೆಸರಿಡುವಾಗ ಜಪಾನಿನಲ್ಲಿ ಯಾವ ಕಾಂಜಿ ಬಳಸಬಹುದು ಅಂತ ಕಾನೂನಿನ ಪಟ್ಟಿಯಿದೆ. ಕಾವ್ಯನಾಮಕ್ಕೆ ಆ ಕಟ್ಟು ಇಲ್ಲ. ಆದರೂ ಸುಮ್ನೆ ಕಷ್ಟದ ಅಕ್ಷರ ಹುಡುಕಬೇಡಿ. ಆರಿಸಿದ್ದನ್ನು ಜಪಾನಿ ಮಾತಾಡುವವರೊಬ್ಬರಿಗೆ ಏನೂ ಹೇಳದೆ ತೋರಿಸಿ. ಅವರು ಹೇಗೆ ಓದುತ್ತಾರೆ, ಏನು ನೆನಪಾಯಿತು ಅನ್ನುತ್ತಾರೆ ಅಂತ ಕೇಳಿ. ಬೇರೆ ಬಗೆ ಓದಿದರೆ ಪಕ್ಕದಲ್ಲಿ ಚಿಕ್ಕದಾಗಿ ಹಿರಾಗಾನಾದಲ್ಲಿ, ಅಂದರೆ ಉಚ್ಚಾರವನ್ನಷ್ಟೇ ಬರೆಯುವ ಜಪಾನಿ ಲಿಪಿಯಲ್ಲಿ, ಉಚ್ಚಾರ ಬರೆದುಕೊಳ್ಳಿ. ಅಲ್ಲಿನ ಪುಸ್ತಕಗಳಲ್ಲೂ ಹೀಗೆ ಬರೆಯುತ್ತಾರೆ, ಅದಕ್ಕೆ ‘ಫುರಿಗಾನಾ’ ಅಂತ ಹೆಸರು.

ಈಗ ನೀವು ಬರೆದುಕೊಂಡು ಬಂದಿರುವ ಹೆಸರುಗಳನ್ನು ಒಂದೊಂದಾಗಿ ಬೋರ್ಡಿನ ಮೇಲೆ ಹಾಕೋಣ.