ಹಡಗು ಹತ್ತುವ ಮುಂಚೆ ಚೀಲ ಒಮ್ಮೆ ಬಿಚ್ಚಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರೂಸ್ ಹಡಗಿನಲ್ಲಿ ನಾಲ್ಕು ದಿನ ಸುತ್ತಾಡಿ ಬರೋಣ ಅಂತ ಈಗ ನಮ್ಮ ಕಡೆಯಿಂದ ಎಷ್ಟೋ ಮನೆಯವರು ಹೊರಡುತ್ತಾರೆ. ಮುಂಬೈಯಿಂದ ಗೋವಾ, ಲಕ್ಷದ್ವೀಪ ನೋಡಲು ಹೋಗುವವರಿದ್ದಾರೆ. ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗು ಹತ್ತುವವರಿದ್ದಾರೆ. ಮಕ್ಕಳು ಅಮೆರಿಕದಲ್ಲಿದ್ದರೆ ಅಪ್ಪ ಅಮ್ಮನನ್ನು ಕರೆಸಿಕೊಂಡು ಅಲಾಸ್ಕಾ ತೋರಿಸುತ್ತಾರೆ. ಟಿಕೆಟ್ ಆಯಿತು, ವೀಸಾ ಆಯಿತು. ಇನ್ನು ಉಳಿಯುವುದು ಚೀಲ ತುಂಬುವ ಕೆಲಸ. ಅಲ್ಲೇ ತೊಂದರೆ ಶುರುವಾಗುವುದು.

ನಾನು ಪ್ರಯಾಣಿಕರ ಹಡಗುಗಳ ಸುರಕ್ಷತಾ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವನು. ಹಡಗು ಹತ್ತುವ ದಿನ ಎಕ್ಸ್‌ರೇ ಯಂತ್ರದ ಮುಂದೆ ನಿಂತು ನಿಮ್ಮ ಸೂಟ್‌ಕೇಸಿನ ಒಳಗೆ ಏನಿದೆ ಅಂತ ನೋಡುವ ಕೆಲಸ ನಮ್ಮದು. ಆ ಅನುಭವದಿಂದ ಹೇಳುತ್ತೇನೆ, ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ. ಉಳಿದದ್ದು ಮರೆತರೂ ಪರವಾಗಿಲ್ಲ. ಬಿಸಿ ಮಾಡುವ ಸಾಮಾನು ಹಡಗಿಗೆ ಬೇಡ.

ಇಸ್ತ್ರಿ ಪೆಟ್ಟಿಗೆ ಬೇಡ. ಎಲೆಕ್ಟ್ರಿಕ್ ಕೆಟಲ್ ಬೇಡ. ಬಕೆಟ್ಟಿಗೆ ಹಾಕಿ ನೀರು ಕಾಯಿಸುವ ಕಾಯಿಲ್ ಬೇಡ, ಲೋಟಕ್ಕೆ ಹಾಕುವ ಚಿಕ್ಕ ಕಾಯಿಲೂ ಬೇಡ. ರೈಸ್ ಕುಕ್ಕರ್, ಇಂಡಕ್ಷನ್ ಒಲೆ ಬೇಡ. ಮೇಣದಬತ್ತಿ, ಊದುಬತ್ತಿ, ಕರ್ಪೂರ, ಎಣ್ಣೆ ದೀಪ, ಸೊಳ್ಳೆ ಬತ್ತಿ ಯಾವುದೂ ಬೇಡ. ಹೆಚ್ಚು ಕಡಿಮೆ ಎಲ್ಲ ಕ್ರೂಸ್ ಕಂಪನಿಗಳ ಪಟ್ಟಿಯಲ್ಲೂ ಇವು ಇದ್ದೇ ಇರುತ್ತವೆ. ಕೂದಲು ಒಣಗಿಸುವ ಡ್ರೈಯರ್ ಸಾಮಾನ್ಯವಾಗಿ ಕ್ಯಾಬಿನ್ನಿನಲ್ಲೇ ಇರುತ್ತದೆ, ಅದನ್ನೂ ಹೊತ್ತು ತರಬೇಕಾಗಿಲ್ಲ.

"ವಿಮಾನದಲ್ಲಿ ಬಿಟ್ಟರಲ್ಲ, ಹಡಗಿನಲ್ಲಿ ಯಾಕೆ ಬಿಡುವುದಿಲ್ಲ?" ಇದು ಎಲ್ಲರೂ ಕೇಳುವ ಪ್ರಶ್ನೆ. ದಯವಿಟ್ಟು ಇದನ್ನು ಸ್ವಲ್ಪ ಯೋಚಿಸಿ. ವಿಮಾನದಲ್ಲಿ ನಿಮ್ಮ ದೊಡ್ಡ ಪೆಟ್ಟಿಗೆ ಕೆಳಗೆ ಸಾಮಾನಿನ ಜಾಗದಲ್ಲಿ ಇರುತ್ತದೆ. ಇಳಿಯುವವರೆಗೆ ಅದರ ಬೀಗ ತೆಗೆಯುವವರಿಲ್ಲ, ಅದಕ್ಕೆ ಕರೆಂಟೂ ಸಿಗುವುದಿಲ್ಲ. ಹಡಗಿನಲ್ಲಿ ಅದೇ ಪೆಟ್ಟಿಗೆ ನಿಮ್ಮ ಕ್ಯಾಬಿನ್ನಿಗೆ ಬರುತ್ತದೆ. ಅಲ್ಲಿ ಹಾಸಿಗೆ ಇದೆ, ಪರದೆ ಇದೆ, ಪಕ್ಕದಲ್ಲೇ ಪ್ಲಗ್ ಇದೆ. ಇಸ್ತ್ರಿ ಪೆಟ್ಟಿಗೆಯನ್ನು ಹಾಸಿಗೆ ಮೇಲಿಟ್ಟು, ಮಗು ಕರೆಯಿತು ಅಂತ ಎದ್ದು ಹೋದರೆ ಸಾಕು.

ಊರಿನಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕ ದಳದ ಗಾಡಿ ಬರುತ್ತದೆ. ನಡು ಸಮುದ್ರಕ್ಕೆ ಯಾರು ಬರುತ್ತಾರೆ? ಆರಿಸಬೇಕಾದವರು ನಾವೇ, ಹಡಗಿನ ಸಿಬ್ಬಂದಿ. ಮೇಜಿಗೆ ಊಟ ಬಡಿಸುವ ಹುಡುಗ ಕೂಡ ಬೆಂಕಿಯ ತರಬೇತಿ ಮುಗಿಸಿಕೊಂಡೇ ಬಂದಿರುತ್ತಾನೆ. ಸಾವಿರಾರು ಜನಕ್ಕೆ ಬೇಯಿಸುವ ಹಡಗಿನ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಗ್ಯಾಸ್ ಒಲೆಯೇ ಇರುವುದಿಲ್ಲ, ಎಲ್ಲ ಕರೆಂಟಿನ ಒಲೆ. ಗೋಡೆಗಳು ಉಕ್ಕಿನವು. ಒಂದು ಕಡೆ ಬೆಂಕಿ ಇದ್ದರೆ ಆ ಗೋಡೆ ಕಾದ ಕಾವಲಿಯಂತಾಗಿ ಆಚೆ ಬದಿಯ ಸಾಮಾನಿಗೂ ಬೆಂಕಿ ಹತ್ತಿಸಬಹುದು. ನೀರು ಸುರಿದು ಆರಿಸೋಣ ಅಂದರೆ ಅದಕ್ಕೂ ಲೆಕ್ಕ ಇದೆ. 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಎಂಬ ದೊಡ್ಡ ಹಡಗಿಗೆ ಬೆಂಕಿ ಬಿತ್ತು. ವೆಲ್ಡಿಂಗ್ ಕೆಲಸದ ಕಿಡಿ ಲೈಫ್ ಜಾಕೆಟ್ಟುಗಳ ರಾಶಿಗೆ ತಾಗಿ ಹತ್ತಿಕೊಂಡ ಬೆಂಕಿ ಅದು. ದಡದಿಂದಲೂ ದೋಣಿಗಳಿಂದಲೂ ನೀರು ಹೊಡೆದರು. ಆ ನೀರಿನ ಭಾರಕ್ಕೇ ಹಡಗು ವಾಲಿ, ಮಾರನೆಯ ದಿನ ಬೆಳಗಿನ ಜಾವ ಬಂದರಿನಲ್ಲೇ ಮಗುಚಿ ಮಲಗಿತು. ದಡಕ್ಕೆ ಕಟ್ಟಿದ್ದ ಹಡಗಿನ ಗತಿ ಇದು.

ಒಂದು ಸಂಗತಿ ಹೇಳುತ್ತೇನೆ. ಇದನ್ನು ಎಲ್ಲ ಕಡೆ ಹೇಳುತ್ತಿರುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲವೂ ಇದೆ.

ಸಿಂಗಪುರದಲ್ಲಿ ಒಮ್ಮೆ ದಾವಣಗೆರೆ ಕಡೆಯ ಒಂದು ದೊಡ್ಡ ಕುಟುಂಬ ನಮ್ಮ ಹಡಗು ಹತ್ತಿತು. ಅಜ್ಜಿ, ಇಬ್ಬರು ಮಗಂದಿರು, ಸೊಸೆಯರು, ಮೊಮ್ಮಕ್ಕಳು. ಅಜ್ಜಿಯ ಸೂಟ್‌ಕೇಸ್ ಎಕ್ಸ್‌ರೇಯಲ್ಲಿ ಬಂದಾಗ ನಮ್ಮ ಹುಡುಗ ನನ್ನನ್ನು ಕರೆದ. ಪರದೆಯ ಮೇಲೆ ಸುರುಳಿ ಸುರುಳಿಯಾಗಿ ಏನೋ ಒಂದು ಕಾಣುತ್ತಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಕಾಯಿಲ್. ಅದರ ಕೆಳಗೆ ಚಿಕ್ಕದೊಂದು ಕರೆಂಟ್ ಒಲೆ. ಪಕ್ಕದಲ್ಲಿ ಹಿತ್ತಾಳೆಯ ಎರಡು ದೀಪ, ಬತ್ತಿಯ ಕಟ್ಟು, ಎಣ್ಣೆ ಬಾಟಲಿ, ಕರ್ಪೂರದ ಡಬ್ಬಿ.

ಇಂಥ ಸೂಟ್‌ಕೇಸ್ ಕ್ಯಾಬಿನ್ನಿಗೆ ಹೋಗುವುದಿಲ್ಲ. ಭದ್ರತಾ ವಿಭಾಗದ ಒಂದು ಕೋಣೆಯಲ್ಲಿ ನಿಲ್ಲುತ್ತದೆ. ನೀವು ಬಂದು, ನಿಮ್ಮ ಎದುರಿಗೇ ಬೀಗ ತೆಗೆಸಬೇಕು. ಅಜ್ಜಿ ದೊಡ್ಡ ಮಗನ ಜೊತೆ ಬಂದರು. ಮಗ ಜೋರು ಮಾಡಿದ. ನಾವು ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ನಮ್ಮಮ್ಮ ಹೊರಗಿನ ಅಡುಗೆ ತಿನ್ನುವವರಲ್ಲ, ಅವರೇನು ಮಾಡಬೇಕು, ಇದು ಅವಮಾನ ಅಂದ. ಅಜ್ಜಿ ಸುಮ್ಮನೆ ನಿಂತಿದ್ದರು. ನಾನು ಕನ್ನಡದಲ್ಲಿ ಮಾತಾಡಿದ ಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು.

"ಯಾವ ಊರಪ್ಪಾ ನಿಂದು?" ಅಂದರು.

"ಮಂಗಳೂರು ಅಮ್ಮಾ."

"ಹಂಗಾದ್ರೆ ನಿಂಗೆ ಗೊತ್ತಲ್ಲ. ಬೆಳಗ್ಗೆ ದೀಪ ಹಚ್ಚದೆ ನಾನು ನೀರೂ ಮುಟ್ಟೋದಿಲ್ಲ. ಒಂದು ಹಿಡಿ ಅನ್ನ ನಾನೇ ಮಾಡ್ಕೊಂತೀನಿ. ಯಾರಿಗೇನು ತೊಂದ್ರೆ ಆಗ್ತದೆ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಎಪ್ಪತ್ತು ವರ್ಷ ದಾಟಿದ ಹೆಂಗಸು, ಜೀವಮಾನವಿಡೀ ಒಲೆ, ದೀಪ ಎರಡನ್ನೂ ಎಚ್ಚರದಿಂದ ನೋಡಿಕೊಂಡವರು. ಆದರೆ ಅವರ ಮನೆಯ ನೆಲ ಅಲುಗಾಡುತ್ತಿರಲಿಲ್ಲ. ನಾನು ಅವರನ್ನು ಕೂರಿಸಿ 2006ರ ಸ್ಟಾರ್ ಪ್ರಿನ್ಸೆಸ್ ಹಡಗಿನ ಕಥೆ ಹೇಳಿದೆ.

ಆ ಮಾರ್ಚ್ ತಿಂಗಳಲ್ಲಿ ಆ ಹಡಗು ಕೆರಿಬಿಯನ್ ಸಮುದ್ರದಲ್ಲಿ ಜಮೈಕಾ ಕಡೆ ಹೋಗುತ್ತಿತ್ತು. ಎರಡೂವರೆ ಸಾವಿರಕ್ಕೂ ಜಾಸ್ತಿ ಪ್ರಯಾಣಿಕರು. ರಾತ್ರಿ ಮೂರು ಗಂಟೆ, ಎಲ್ಲರೂ ನಿದ್ದೆಯಲ್ಲಿದ್ದರು. ಒಂದು ಬಾಲ್ಕನಿಯಲ್ಲಿ ಬೆಂಕಿ ಹತ್ತಿತು. ಯಾರೋ ಎಸೆದ ಸಿಗರೇಟ್ ತುಂಡು ಅಲ್ಲಿ ಬಿದ್ದು ಹೊಗೆಯಾಡಿ ಹತ್ತಿಕೊಂಡಿರಬೇಕು ಅಂತ ತನಿಖೆಯವರು ಹೇಳಿದರು. ಬಾಲ್ಕನಿಗಳ ನಡುವೆ ಪ್ಲಾಸ್ಟಿಕ್ ತಡಿಕೆ, ಕುರ್ಚಿಗಳೂ ಪ್ಲಾಸ್ಟಿಕ್ಕಿನವು, ಜೊತೆಗೆ ಸಮುದ್ರದ ಗಾಳಿ. ನಿಮಿಷಗಳಲ್ಲಿ ಬೆಂಕಿ ಮೇಲಿನ ಮಹಡಿಗಳಿಗೆ ಏರಿತು. ನೂರಕ್ಕೂ ಹೆಚ್ಚು ಕ್ಯಾಬಿನ್ನುಗಳು ಸುಟ್ಟವು, ಕೆಟ್ಟವು. ಹೊಗೆ ಕುಡಿದು ಒಬ್ಬ ಪ್ರಯಾಣಿಕರು ತೀರಿಕೊಂಡರು. ಅದಾದ ಮೇಲೆ ಬಾಲ್ಕನಿಯಲ್ಲಿ ಏನಿರಬೇಕು, ಏನಿರಬಾರದು ಎಂಬ ಅಂತರರಾಷ್ಟ್ರೀಯ ನಿಯಮವೇ ಬದಲಾಯಿತು. ಎಷ್ಟೋ ಹಡಗುಗಳಲ್ಲಿ ಬಾಲ್ಕನಿಯಲ್ಲಿ ಸಿಗರೇಟ್ ಸೇದುವುದೂ ನಿಂತಿತು.

ಅಜ್ಜಿ ಎಲ್ಲ ಕೇಳಿದರು. "ಒಂದು ಬೀಡಿ ತುಂಡಿಗೆ ಇಷ್ಟಾಯ್ತಾ?" ಅಂದರು. ಆಮೇಲೆ ಮಗನ ಕಡೆ ತಿರುಗಿ, "ಕೊಟ್ಟುಬಿಡು" ಅಂದರು. ಕಾಯಿಲ್, ಒಲೆ, ಎಣ್ಣೆ, ಕರ್ಪೂರ ಎಲ್ಲಕ್ಕೂ ರಸೀದಿ ಬರೆದೆವು. ಹಿತ್ತಾಳೆ ದೀಪ ಅವರ ಹತ್ತಿರವೇ ಉಳಿಯಿತು, ಬರೀ ಹಿತ್ತಾಳೆಯಿಂದ ಯಾರಿಗೂ ಅಪಾಯವಿಲ್ಲ.

ಇನ್ನು ಊಟ. ನಮ್ಮ ಹೆಡ್ ಶೆಫ್‌ಗೆ ಹೇಳಿ ಕಳಿಸಿದೆ. ಬೆಳ್ಳುಳ್ಳಿ, ಈರುಳ್ಳಿ ಇಲ್ಲದ ಅನ್ನ, ಬೇಳೆ, ಮೊಸರು, ಹಣ್ಣು, ಬೇರೆ ಪಾತ್ರೆಯಲ್ಲಿ ಬೇಯಿಸಿ ಕೊಡುತ್ತೇವೆ ಅಂದರು. ಇಂಥದ್ದನ್ನು ಟಿಕೆಟ್ ಮಾಡುವಾಗಲೇ ಕೇಳಿದರೆ ಬಹಳ ಹಡಗುಗಳಲ್ಲಿ ಸಸ್ಯಾಹಾರ, ಜೈನ ಊಟ ಎಲ್ಲ ಏರ್ಪಾಡಾಗುತ್ತದೆ. ಯಾರೂ ಕೇಳುವುದಿಲ್ಲ, ಒಲೆ ತರುತ್ತಾರೆ! ದೀಪಕ್ಕೂ ದಾರಿ ಸಿಕ್ಕಿತು. ಊಟದ ಮೇಜಿನ ಮೇಲೆ ಇಡುವ ಬ್ಯಾಟರಿ ದೀಪಗಳು ನಮ್ಮಲ್ಲಿದ್ದವು, ಉರಿಯ ಹಾಗೆಯೇ ಮಿನುಗುತ್ತವೆ. ಎರಡನ್ನು ಕಳಿಸಿದೆ. ಮಾರನೆಯ ದಿನ ಅಜ್ಜಿ ಡೆಕ್ಕಿನಲ್ಲಿ ಸಿಕ್ಕಿ, ಅವನ್ನೇ ಹಿತ್ತಾಳೆ ದೀಪದೊಳಗೆ ಇಟ್ಟು ಪೂಜೆ ಮಾಡಿದೆ ಅಂದರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ದಿನ ಸಂಜೆ ಕ್ಯಾಬಿನ್ ಗುಡಿಸುವ ಹುಡುಗ ಬಂದು, ದೊಡ್ಡ ಮಗನ ಕೋಣೆಯಲ್ಲಿ ಆರು ತೂತಿನ ಎಕ್ಸ್‌ಟೆನ್ಷನ್ ಬೋರ್ಡ್ ಇದೆ, ಮುಟ್ಟಿದರೆ ಬಿಸಿ ಇದೆ ಅಂದ. ಕೈಚೀಲದ ತಳದಲ್ಲಿ ಬಟ್ಟೆ ಸುತ್ತಿ ತಂದಿದ್ದಾರೆ. ಅಮ್ಮ ಕೊಟ್ಟರು, ಮಗ ಬಚ್ಚಿಟ್ಟರು!

ಈ ಬೋರ್ಡಿನ ವಿಷಯ ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮ ಮನೆಯಲ್ಲಿ ಎರಡು ತಂತಿಗಳಲ್ಲಿ ಒಂದರಲ್ಲಿ ಕರೆಂಟ್ ಇರುತ್ತದೆ, ಇನ್ನೊಂದು ನ್ಯೂಟ್ರಲ್. ಬಹಳಷ್ಟು ಹಡಗುಗಳಲ್ಲಿ ಹಾಗಲ್ಲ, ಎರಡರಲ್ಲೂ ಕರೆಂಟ್ ಇರುತ್ತದೆ. ಮಿಂಚು, ಗುಡುಗಿನಿಂದ ಟಿವಿ ಕಾಪಾಡಲು ಸರ್ಜ್ ಪ್ರೊಟೆಕ್ಟರ್ ಇರುವ ಬೋರ್ಡ್ ತರುತ್ತೀರಲ್ಲ, ಅದನ್ನು ಮನೆಯ ವೈರಿಂಗಿಗೆ ಅಂತ ಮಾಡಿದ್ದು. ಅದು ತಂತಿ ಕಡಿಯುವುದು ಒಂದು ಕಡೆ ಮಾತ್ರ. ಹಡಗಿನಲ್ಲಿ ಇನ್ನೊಂದು ಕಡೆಯಿಂದ ಕರೆಂಟ್ ಹರಿಯುತ್ತಲೇ ಇದ್ದು ಬೋರ್ಡ್ ಕಾಯುತ್ತದೆ, ಹತ್ತಿಕೊಳ್ಳುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿದೆ. ಕಾಪಾಡಲಿ ಅಂತ ತಂದದ್ದೇ ಬಿಸಿ ಮಾಡುವ ಸಾಮಾನು ಆಗುತ್ತದೆ. ಬಿಸಿ ಮಾಡುವ ಸಾಮಾನು ಹಡಗಿಗೆ ಬೇಡ. ನಮ್ಮ ಪಿನ್ನು ಕೂರಲು ಒಂದು ಸಾದಾ ಅಡಾಪ್ಟರ್, ಫೋನಿಗೆ ಯುಎಸ್‌ಬಿ ಚಾರ್ಜರ್, ಇಷ್ಟು ಸಾಕು. ರಾತ್ರಿ ಉಸಿರಾಟದ ಯಂತ್ರ ಹಾಕಿಕೊಂಡು ಮಲಗುವವರು ಮೊದಲೇ ಕಂಪನಿಗೆ ತಿಳಿಸಿ, ಬೇಕಾದ ವೈರ್ ಅವರೇ ಕೊಡುತ್ತಾರೆ. ಪವರ್ ಬ್ಯಾಂಕ್ ತರಬಹುದು. ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಬೇಡಿ, ಅಷ್ಟೇ.

ಅಜ್ಜಿಯ ವಿಷಯದಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕುಡಿಯುವ ಬಾಟಲಿ. ಹೊರಗಿನ ಮದ್ಯ ತರುವ ಹಾಗಿಲ್ಲ. ಅಮೆರಿಕದ ಕಾರ್ನಿವಲ್, ರಾಯಲ್ ಕೆರಿಬಿಯನ್ ಕಂಪನಿಗಳಲ್ಲಿ ಹತ್ತುವ ದಿನ ಒಬ್ಬ ವಯಸ್ಕರಿಗೆ 750 ಮಿಲಿಯ ಒಂದು ವೈನ್ ಬಾಟಲಿಗೆ ಅವಕಾಶ ಇದೆ, ಕೈಚೀಲದಲ್ಲಿ. ದಾರಿಯಲ್ಲಿ ಬಂದರುಗಳಲ್ಲಿ ಕೊಂಡದ್ದನ್ನು ಹಡಗಿನವರು ತೆಗೆದಿಟ್ಟು ಕೊನೆಗೆ ಕೊಡುತ್ತಾರೆ. ನೀರಿನ ಬಾಟಲಿಯಲ್ಲಿ, ಬಾಯಿ ಮುಕ್ಕಳಿಸುವ ದ್ರವದ ಬಾಟಲಿಯಲ್ಲಿ ಮದ್ಯ ತುಂಬಿ ತರುವವರ ಕಾಟಕ್ಕೆ ಕಾರ್ನಿವಲ್ ಕಂಪನಿ 2015ರಲ್ಲಿ ನೀರಿನ ಬಾಟಲಿ ತರುವುದನ್ನೇ ನಿಲ್ಲಿಸಿತು. ಕೆಲವರ ಆಟಕ್ಕೆ ಎಲ್ಲರಿಗೂ ತೊಂದರೆ.

ತಿಂಡಿ. ಸೀಲ್ ಮಾಡಿದ ಪೊಟ್ಟಣದ ಚಕ್ಕುಲಿ, ಬಿಸ್ಕತ್ತು, ಕೋಡುಬಳೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮನೆಯಲ್ಲಿ ಮಾಡಿದ ಪುಳಿಯೋಗರೆ, ಚಪಾತಿ ಬೇಡ. ಹಡಗಿನ ಬಫೆಯಲ್ಲಿ ಎತ್ತಿಕೊಂಡ ಸೇಬು, ಬಾಳೆಹಣ್ಣನ್ನು ಚೀಲದಲ್ಲಿಟ್ಟುಕೊಂಡು ದಡಕ್ಕೆ ಇಳಿಯಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಇದಕ್ಕೆ ದಂಡ ಬೀಳುತ್ತದೆ. ಹಣ್ಣಿನ ಜೊತೆ ಹುಳ, ರೋಗ ಬಂದರೆ ಅವರ ತೋಟಗಳು ಹಾಳಾಗುತ್ತವೆ, ಅದಕ್ಕೆ.

ಗಸಗಸೆ! ಪಾಯಸಕ್ಕೆ, ಮಸಾಲೆಗೆ ಅಂತ ನಮ್ಮವರು ಡಬ್ಬಿಯಲ್ಲಿ ಹಾಕಿಕೊಂಡು ಬಂದುಬಿಡುತ್ತಾರೆ. ದುಬೈ ಇರುವ ಯುಎಇಯಲ್ಲೂ ಸಿಂಗಪುರದಲ್ಲೂ ಅದು ಮಾದಕ ವಸ್ತುವಿನ ಕಾನೂನಿಗೆ ಸಿಕ್ಕಿಬೀಳುತ್ತದೆ. ಅಫೀಮಿನ ಗಿಡದ ಬೀಜ ಅಲ್ವಾ. ಮನೆಯಲ್ಲೇ ಬಿಟ್ಟುಬನ್ನಿ. ಸಿಂಗಪುರಕ್ಕೆ ಚೂಯಿಂಗ್ ಗಮ್, ಇ-ಸಿಗರೇಟ್ ಕೂಡ ಒಯ್ಯಬೇಡಿ. ಇ-ಸಿಗರೇಟ್ ನಮ್ಮ ದೇಶದಲ್ಲೂ 2019ರಿಂದ ನಿಷೇಧ. ಜಮೈಕಾ, ಬಾರ್ಬಡೋಸ್‌ಗೆ ಹೋಗುವ ಹುಡುಗರು ಮಿಲಿಟರಿ ಬಣ್ಣದ ಪ್ಯಾಂಟ್, ಟೋಪಿ ಹಾಕಿಕೊಂಡು ಇಳಿಯಬೇಡಿ, ಅಲ್ಲಿ ಅದು ಸೈನಿಕರಿಗೆ ಮಾತ್ರ.

ತರಬೇಕಾದದ್ದೂ ಇದೆ. ಮಾತ್ರೆಗಳು, ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪಿನಲ್ಲೇ, ಡಾಕ್ಟರ ಚೀಟಿಯ ಜೊತೆ. ಕ್ಯಾಬಿನ್ ಗೋಡೆ ಉಕ್ಕಿನದು ಅಂದೆನಲ್ಲ, ಅಯಸ್ಕಾಂತದ ಕೊಕ್ಕೆಗಳು ಚೆನ್ನಾಗಿ ಕೂರುತ್ತವೆ. ಟವೆಲ್, ಟೋಪಿ ನೇತುಹಾಕಲು ನಾಲ್ಕು ತನ್ನಿ. ಬಟ್ಟೆ ಸುಕ್ಕಾಯಿತು ಅಂದರೆ ಹಡಗಿನ ಲಾಂಡ್ರಿಯವರಿಗೆ ಕೊಡಿ. ಕೆಲವು ಹಡಗುಗಳಲ್ಲಿ ಇಸ್ತ್ರಿಗೆ ಅಂತಲೇ ಬೇರೆ ಕೋಣೆ ಇರುತ್ತದೆ. ಬಿಸಿ ನೀರು ಬೇಕೆಂದರೆ ಫೋನ್ ಮಾಡಿ, ಫ್ಲಾಸ್ಕಿನಲ್ಲಿ ತಂದುಕೊಡುತ್ತಾರೆ. ಒಂದು ಲೋಟ ಕಾಫಿಗೆ ಕಾಯಿಲ್ ತರಬೇಡಿ. ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಿಸಿ ಮಾಡುವ ಸಾಮಾನು ಬೇಡ.

ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲಿ ಕೊಟ್ಟರೆ ಅದು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು. ಪಾಸ್‌ಪೋರ್ಟ್, ಮಾತ್ರೆ, ಮಕ್ಕಳಿಗೆ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ನಿಮ್ಮ ಹಡಗಿನ ಕಂಪನಿಯ ಪಟ್ಟಿ ಟಿಕೆಟ್ಟಿನ ಜೊತೆಗೇ ಬರುತ್ತದೆ ಅಥವಾ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಚೀಲ ತುಂಬುವ ಮುಂಚೆ ಮನೆಯವರೆಲ್ಲ ಕೂತು ಒಮ್ಮೆ ಓದಿಕೊಳ್ಳಿ, ಹಿರಿಯರಿಗೆ ಓದಿ ಹೇಳಿ. ಪ್ರಯಾಣ ಸುಖವಾಗಿರಲಿ. ನಮಸ್ಕಾರ.